ಹದಿನೆಂಟು ಕುಳಿಗಳ ದ್ವೀಪ

ಹೊನ್ನಾಳಿ ಬಸ್ ಸ್ಟ್ಯಾಂಡಿನಲ್ಲಿ ಮಂಡಕ್ಕಿ ಕಟ್ಟಿಕೊಟ್ಟ ಕಾಗದವನ್ನು ನಾವು ಬಿಸಾಡಲಿಲ್ಲ. ಯಾವುದೋ ಪೇಪರಿನ ಬಣ್ಣದ ಹಾಳೆ. ಎಣ್ಣೆ ಹತ್ತಿದ ಜಾಗ ಬಿಟ್ಟರೆ ಉಳಿದದ್ದೆಲ್ಲ ನೀಲಿ ಸಮುದ್ರ. ಸಮುದ್ರದ ನಡುವೆ ಒಂದು ದ್ವೀಪ. ದ್ವೀಪದ ತುಂಬ ಕಂಬಳಿ ಹಾಸಿದಂಥ ಹಸಿರು. ಹಸಿರಿನ ನಡುವೆ ಬಾವುಟ ನೆಟ್ಟ ಒಂದು ಕುಳಿ, ಕೋಲು ಹಿಡಿದು ನಿಂತ ಒಬ್ಬ ಸಾಹುಕಾರ. ಕೆಳಗೆ ಬರೆದಿದ್ದರ ಸಾರಾಂಶ ಇಷ್ಟು: ಬನ್ನಿ, ಈ ದ್ವೀಪದಲ್ಲಿ ಒಂದು ಸುತ್ತು ಗಾಲ್ಫ್ ಆಡಿ, ಲೋಕದ ಜಂಜಾಟ ಮರೆತುಬಿಡಿ.

ಜೊತೆಯಲ್ಲಿದ್ದ ಮೇಷ್ಟ್ರು ನಕ್ಕರು. "ಇದನ್ನ ಯಾಕ್ರೀ ಹಿಂಗೆ ಕಣ್ಣು ಬಿಟ್ಕಂಡು ನೋಡ್ತೀರಿ? ಗಾಲ್ಫಿಗೂ ನಮಗೂ ಏನು ಸಂಬಂಧ? ಕೇರಿ ಹೆಣ ಹೂಳಾಕೆ ಜಾಗ ಇಲ್ಲ. ಬರಿಯೋದಾದ್ರೆ ಅದನ್ನ ಬರೀರಿ."

ಮೇಷ್ಟ್ರ ಮಾತು ನ್ಯಾಯವಾದದ್ದೇ. ನಾವು ಬರೆಯಹೊರಟಿರುವುದೂ ಅದನ್ನೇ. ಹೆಣ ಹೂಳಲು ಜಾಗ ಯಾಕಿಲ್ಲ ಎಂದು ತಹಶೀಲ್ದಾರರ ಕಚೇರಿಯ ಮುಂದೆ ಕೂತು ಕೇಳಿದ್ದೇವೆ. "ಸರ್ಕಾರಿ ಜಮೀನು ಲಭ್ಯವಿಲ್ಲ" ಎಂಬ ಉತ್ತರವನ್ನು ಎಷ್ಟೋ ಸಲ ಕೈಯಲ್ಲಿ ಹಿಡಿದು ವಾಪಸು ಬಂದಿದ್ದೇವೆ. ಹಾಗಾದರೆ ಜಮೀನು ಎಲ್ಲಿ ಹೋಯಿತು? ಯಾರಿಗೆ ಅದು ಲಭ್ಯ? ಈ ಪ್ರಶ್ನೆ ಹಿಡಿದು ಹೊರಟರೆ ಎಲ್ಲಿಗೋ ಹೋಗಿ ಮುಟ್ಟುತ್ತೇವೆ. ಅಂಥ ಒಂದು ಜಾಗ ಈ ಹಸಿರು ಮೈದಾನ.

ದ್ವೀಪವೆಂದರೆ ಸುತ್ತ ನೀರಿರುವ ನೆಲ ಎಂದು ಮಕ್ಕಳಿಗೆ ಪಾಠ ಮಾಡುತ್ತೇವೆ. ಈ ದೇಶದಲ್ಲಿ ದ್ವೀಪ ಮಾಡಲಿಕ್ಕೆ ನೀರೇ ಬೇಕಿಲ್ಲ. ಒಂದು ಗೋಡೆ, ಒಂದು ಗೇಟು, ಗೇಟಿನಲ್ಲಿ ಒಬ್ಬ ಕಾವಲಿನವನು ಸಾಕು. ಊರಿನಿಂದ ಕೇರಿಯನ್ನು ದ್ವೀಪ ಮಾಡಿದ್ದೂ ಹೀಗೆಯೇ. ಅದು ಶಿಕ್ಷೆಯ ದ್ವೀಪ, ಇದು ಸುಖದ ದ್ವೀಪ. ಎರಡನ್ನೂ ಕಟ್ಟಿದ ವ್ಯವಸ್ಥೆ ಒಂದೇ.

ಆ ಬಣ್ಣದ ಹಾಳೆಯಲ್ಲಿ ಆಡುವವನಿದ್ದ, ಬಾವುಟವಿತ್ತು, ಸಮುದ್ರವಿತ್ತು. ಹುಲ್ಲು ಕತ್ತರಿಸುವವನು ಇರಲಿಲ್ಲ. ಚೀಲ ಹೊರುವವನು ಇರಲಿಲ್ಲ. ಆ ಇಬ್ಬರಲ್ಲಿ ಒಬ್ಬನನ್ನು ನಾವು ಬಲ್ಲೆವು. ಜಗಳೂರು ಕಡೆಯ ಹುಡುಗ. ಹೆಸರು ಬೇಡ, ಕೂಲಿ ಹೋದೀತು. ಬೆಂಗಳೂರಿನ ಒಂದು ಗಾಲ್ಫ್ ಮೈದಾನದಲ್ಲಿ ಗುತ್ತಿಗೆದಾರನ ಕೈಕೆಳಗೆ ಹುಲ್ಲಿನ ಕೆಲಸ. ಹಬ್ಬಕ್ಕೆ ಊರಿಗೆ ಬಂದವನು ನಮ್ಮೊಡನೆ ಕೂತು ಹೇಳಿದ:

"ಅಣ್ಣಾ, ಕುಳಿ ಸುತ್ತ ಹುಲ್ಲನ್ನ ಗಡ್ಡ ಕೆರೆದಂಗೆ ಕೆರೀಬೇಕು. ಮೂರೋ ನಾಕೋ ಮಿಲಿಮೀಟರ್, ಅಷ್ಟೇ ಇರಬೇಕು. ಬೆಳಗಿನ ಜಾವ ನಾಕಕ್ಕೆ ಏಳ್ತೀವಿ. ಆಡೋರು ಬರೋ ಹೊತ್ತಿಗೆ ನಾವು ಕಣ್ಣಿಗೆ ಬೀಳಬಾರದು. ಬ್ಯಾಸಿಗೇಲಿ ಹುಲ್ಲಿಗೆ ನೀರು ಬಿಡ್ತಾ ಇರ್ತೀನಿ, ಅವ್ವ ಪೋನ್ ಮಾಡ್ತಾಳೆ. ಟ್ಯಾಂಕರ್ ಇನ್ನೂ ಬಂದಿಲ್ಲ ಕಣೋ, ಕೊಡ ಸಾಲಿಗಿಟ್ಟು ಕುಂತೀನಿ ಅಂತಾಳೆ. ನಾನು ಕೈಯಾಗಿನ ಪೈಪ್ ನೋಡ್ತೀನಿ. ಏನಂತ ಹೇಳ್ಲಿ?"

ಏನಂತ ಹೇಳಬೇಕು, ನೀವೇ ಹೇಳಿ. ಜಗಳೂರು ಬರದ ಸೀಮೆ. ಬೋರ್‌ವೆಲ್ ಕೊರೆದರೆ ನೀರಿನ ಜೊತೆ ಫ್ಲೋರೈಡ್ ಬರುತ್ತದೆ. ತುಂಗಭದ್ರೆಯಿಂದ ನೀರೆತ್ತಿ 57 ಕೆರೆ ತುಂಬಿಸುವ ಯೋಜನೆಗಾಗಿ ಈ ಜನ ವರ್ಷಗಟ್ಟಲೆ ಕಾದರು, ಕೂಗಿದರು, ಬೀದಿಗಿಳಿದರು. ಭದ್ರಾ ಮೇಲ್ದಂಡೆಗೆ 2023ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ರೂಪಾಯಿ ಎಂದು ಘೋಷಣೆಯಾಯಿತು. ಘೋಷಣೆಯನ್ನು ಕೊಡದಲ್ಲಿ ತುಂಬಿಕೊಳ್ಳಲು ಬರುವುದಿಲ್ಲ. ಚನ್ನಗಿರಿಯ ತಾಂಡಾಗಳಿಂದ, ನ್ಯಾಮತಿಯ ತಾಂಡಾಗಳಿಂದ ಲಂಬಾಣಿ ಜನ ಕಬ್ಬು ಕಡಿಯಲು ಮಂಡ್ಯಕ್ಕೆ, ಕಾಫಿ ಕೊಯ್ಯಲು ಮಲೆನಾಡಿಗೆ ಗುಳೆ ಹೋಗುತ್ತಾರೆ. ಸೇವಾಲಾಲರು ಹುಟ್ಟಿದ ಸೂರಗೊಂಡನಕೊಪ್ಪ ಇದೇ ನ್ಯಾಮತಿ ತಾಲ್ಲೂಕಿನಲ್ಲಿದೆ. ಜಾತ್ರೆಗೆ ಮಂತ್ರಿಗಳು ಬರುತ್ತಾರೆ. ಜಾತ್ರೆ ಮುಗಿದ ಮೇಲೆ ತಾಂಡಾದಲ್ಲಿ ಉಳಿಯುವವರು ಮುದುಕರು ಮತ್ತು ಮಕ್ಕಳು.

ಹೀಗೆ ಹೊರಟ ಜನರಲ್ಲಿ ಕೆಲವರು ಹೋಗಿ ಸೇರುವ ಜಾಗ ಆ ಮೈದಾನ. ದನ ಮೇಯದ ಹುಲ್ಲಿಗೆ ನೀರುಣಿಸುವ ಕೆಲಸ.

ಈ ಮೈದಾನಗಳ ಚರಿತ್ರೆ ಸ್ವಲ್ಪ ನೋಡೋಣ. ಬೆಂಗಳೂರು ಗಾಲ್ಫ್ ಕ್ಲಬ್ ಹುಟ್ಟಿದ್ದು 1876ರಲ್ಲಿ. ಬ್ರಿಟನ್ನಿನಿಂದ ಹೊರಗೆ ಗಾಲ್ಫ್ ಶುರುವಾದ ಬಹಳ ಹಳೆಯ ಜಾಗಗಳಲ್ಲಿ ಅದೂ ಒಂದು. ಆ ಮಾತನ್ನು ಹೆಮ್ಮೆಯಿಂದ ಹೇಳಿಕೊಳ್ಳುವವರಿದ್ದಾರೆ. ಆದರೆ 1876 ಎಂದರೆ ಇನ್ನೊಂದು ನೆನಪೂ ಇದೆ. ಆ ವರ್ಷ ಧಾತು ಸಂವತ್ಸರ, ಮುಂದಿನದು ಈಶ್ವರ. ನಮ್ಮ ಅಜ್ಜಿಯರ ಬಾಯಲ್ಲಿ ಧಾತು-ಈಶ್ವರದ ಬರ ಎಂದು ಉಳಿದುಬಂದದ್ದು ಇದೇ. 1876ರಿಂದ 1878ರವರೆಗಿನ ಆ ಬರದಲ್ಲಿ ಮೈಸೂರು ಸೀಮೆಯ ಸುಮಾರು 50 ಲಕ್ಷ ಜನರಲ್ಲಿ ಸುಮಾರು 10 ಲಕ್ಷ ಜನ ಸತ್ತರು. ಐದು ಜನರಲ್ಲಿ ಒಬ್ಬರು! ನಮ್ಮ ಈ ನಾಲ್ಕೂ ತಾಲ್ಲೂಕುಗಳ ನೆಲ ಆಗ ಮೈಸೂರು ಸೀಮೆಯೊಳಗೇ ಇತ್ತು.

ಗಾಲ್ಫ್ ಆಡಿದ್ದರಿಂದ ಬರ ಬಂತು ಎಂದು ನಾವು ಹೇಳುತ್ತಿಲ್ಲ. ಅಷ್ಟು ಬುದ್ಧಿ ನಮಗೂ ಇದೆ. ಮಳೆ ಹೋದದ್ದು ಮಳೆಯ ಕಾರಣಕ್ಕೆ. ಆದರೆ ಮಳೆ ಹೋದ ಮಾತ್ರಕ್ಕೆ ಹತ್ತು ಲಕ್ಷ ಜನ ಸಾಯುವುದಿಲ್ಲ. ಆ ವರ್ಷಗಳಲ್ಲೂ ಈ ದೇಶದ ಧಾನ್ಯ ಹಡಗು ಹತ್ತಿ ಹೋಗುತ್ತಲೇ ಇತ್ತು. ಪಕ್ಕದ ಮದ್ರಾಸ್ ಸೀಮೆಯ ಪರಿಹಾರ ಕಾಮಗಾರಿಗಳಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ದೊರೆ ಕಲ್ಲು ಹೊರುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಲೆಕ್ಕದಲ್ಲಿ ಕೂಲಿ ಇಳಿಸಿದ. ಒಂದು ಪೌಂಡು ಎಂದರೆ ಅರ್ಧ ಕಿಲೋಗಿಂತ ಕಡಿಮೆ. ಬರದಲ್ಲಿ ಮೊದಲು ಸಾಯುವವನು ಯಾರು? ಹೊಲವಿಲ್ಲದವನು, ಕಣಜವಿಲ್ಲದವನು, ಊರ ಬಾವಿಗೆ ಹಗ್ಗ ಇಳಿಸಲು ಹಕ್ಕಿಲ್ಲದವನು. ಅವನ ಕೇರಿ ಯಾವುದೆಂದು ಬಿಡಿಸಿ ಹೇಳಬೇಕಿಲ್ಲ. ದಾರಿಬದಿಯಲ್ಲಿ ಹೆಣ ಬೀಳುತ್ತಿದ್ದ ವರ್ಷದಲ್ಲೇ ಕಂಟೋನ್ಮೆಂಟಿನ ದೊರೆಗಳಿಗೆ ಒಂದು ಆಟದ ಕ್ಲಬ್ ಕಟ್ಟಿಕೊಳ್ಳುವ ಪುರುಸೊತ್ತಿತ್ತು. ಆ ಎರಡು ಲೋಕಗಳ ನಡುವೆ ಒಂದು ಗೋಡೆ ಇತ್ತು ಎಂಬುದಷ್ಟೇ ನಮ್ಮ ಮಾತು. ದೊರೆಗಳು 1947ರಲ್ಲಿ ಹೋದರು. ಗೋಡೆ ಹೋಗಲಿಲ್ಲ, ಒಳಗಿನವರ ಬಣ್ಣ ಬದಲಾಯಿತು.

ಕೋಲಾರದ ಚಿನ್ನದ ಗಣಿಯಲ್ಲಿ ಇದೇ ಕಥೆ ಮೇಲೆ ಕೆಳಗೆ ಎಂದು ಹಂಚಿಕೊಂಡಿತ್ತು. ನೆಲದ ಕೆಳಗೆ ಮೂರು ಕಿಲೋಮೀಟರಿಗೂ ಆಳದ ಬಿಸಿ ಸುರಂಗ. ಅಲ್ಲಿ ಇಳಿದವರಲ್ಲಿ ಬಹುಪಾಲು ತಮಿಳು ಸೀಮೆಯ ದಲಿತರು. ನೆಲದ ಮೇಲೆ ಬಿಳಿ ಅಧಿಕಾರಿಗಳ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ. ಕಾರ್ಮಿಕನಿಗೆ ತಗಡಿನ ಲೈನು ಮನೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಕೆಳಗಿಳಿದವನ ಎದೆಯಲ್ಲಿ ಕಲ್ಲುಪುಡಿ ಉಳಿಯಿತು.

ಇದು ಹಳೆಯ ಕಾಲದ್ದಾಯಿತು, ದೊರೆಗಳ ಪಾಪ ಎನ್ನುತ್ತೀರಾ? ಹಾಗಾದರೆ ಸ್ವಾತಂತ್ರ್ಯ ಬಂದ ಮೇಲಿನ ಮಾತಿಗೆ ಬನ್ನಿ. ಬೆಂಗಳೂರಿನ ಪೂರ್ವಕ್ಕೆ ಚಲ್ಲಘಟ್ಟ ಎಂಬ ಕೆರೆ ಇತ್ತು. ಇವತ್ತು ಆ ಕೆರೆಯಂಗಳದಲ್ಲಿ ಇರುವುದು ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಹದಿನೆಂಟು ಕುಳಿಗಳ ಮೈದಾನ. ಕಳೆದುಹೋದ ಬೆಂಗಳೂರು ಕೆರೆಗಳ ಪಟ್ಟಿ ಮಾಡುವವರು ಇದನ್ನು ಬರೆಯದೆ ಬಿಡುವುದಿಲ್ಲ. ಕಬ್ಬನ್ನು ಬೆಲ್ಲ ಮಾಡಿದಷ್ಟು ಸಲೀಸಾಗಿ ಕೆರೆಯನ್ನು ಮೈದಾನ ಮಾಡಿದರು.

ಕೆರೆ ಎಂದರೆ ಏನೆಂದು ಹಳ್ಳಿಯವರಿಗೆ ಗೊತ್ತು. ಮಣ್ಣು ಹೊತ್ತು ಏರಿ ಹಾಕಿದವರು ವಡ್ಡರು. ತೂಬು ಕಾದು ಹೊಲ ಹೊಲಕ್ಕೆ ನೀರು ಹಾಯಿಸಿದ ನೀರಗಂಟಿ ಎಷ್ಟೋ ಊರುಗಳಲ್ಲಿ ಹೊಲೆಯ, ಮಾದಿಗ. ಅವನು ಹಾಯಿಸಿದ ನೀರನ್ನು ಅವನೇ ಮುಟ್ಟುವಂತಿರಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರರು ಮಹಾಡಿನಲ್ಲಿ ಬೊಗಸೆ ಒಡ್ಡಿದ್ದು ಎಲ್ಲಿ? ಗುಡಿಯೊಳಗಲ್ಲ, ಅರಮನೆಯೊಳಗಲ್ಲ. ಚೌದಾರ್ ಕೆರೆಯಲ್ಲಿ. ನಮ್ಮ ಚಳವಳಿ ಕಣ್ಣು ಬಿಟ್ಟದ್ದೇ ಕೆರೆಯ ದಂಡೆಯ ಮೇಲೆ. ಆದ್ದರಿಂದ ಒಂದು ಕೆರೆ ಮಾಯವಾಗಿ ಅಲ್ಲಿ ಸದಸ್ಯರಿಗೆ ಮಾತ್ರ ಪ್ರವೇಶ ಎಂಬ ಬೋರ್ಡು ಬಂದರೆ ಅದು ನಮಗೆ ಆಟದ ಸುದ್ದಿಯಲ್ಲ. ಮುಟ್ಟಬೇಡ ಎಂದು ಹೇಳಲು ಅವರಿಗೆ ಈಗ ಜಾತಿಯ ಹೆಸರೂ ಬೇಕಿಲ್ಲ. ಸದಸ್ಯತ್ವದ ಶುಲ್ಕ ಆ ಕೆಲಸ ಮಾಡುತ್ತದೆ.

ಇನ್ನೂ ಒಂದು ಕೇಳಿ. ಚಲ್ಲಘಟ್ಟ ಎಂಬ ಹೆಸರು ಪೂರ್ತಿ ಸಾಯಲಿಲ್ಲ. ಕೋರಮಂಗಲ-ಚಲ್ಲಘಟ್ಟ ಕಣಿವೆ, ಅಂದರೆ ಜನ ಕೆ.ಸಿ. ವ್ಯಾಲಿ ಎನ್ನುವ ಯೋಜನೆಯಲ್ಲಿ ಅದು ಉಳಿದಿದೆ. ಬೆಂಗಳೂರಿನ ಚರಂಡಿ ನೀರನ್ನು ಸಂಸ್ಕರಿಸಿ 2018ರಿಂದ ಕೋಲಾರದ ಬರಡು ಕೆರೆಗಳಿಗೆ ಬಿಡುವ ಯೋಜನೆ ಅದು. ಕೆರೆ ಸಾಹುಕಾರರ ಆಟಕ್ಕೆ, ಚರಂಡಿ ಬರದ ನಾಡಿಗೆ. ಹಂಚಿಕೆ ಎಷ್ಟು ಚೆಂದ ನೋಡಿ.

ನಮ್ಮ ಚನ್ನಗಿರಿ ಸೀಮೆಯಲ್ಲಿ ಸೂಳೆಕೆರೆ ಇದೆ. ಎರಡು ಗುಡ್ಡಗಳ ನಡುವೆ ಸಣ್ಣದೊಂದು ಏರಿ ಹಾಕಿ, ಆರು ಸಾವಿರ ಎಕರೆಗೂ ಮಿಕ್ಕಿ ನೀರು ನಿಲ್ಲಿಸಿದ ಹಿರಿಯರ ಬುದ್ಧಿಗೆ ಇಂಜಿನಿಯರುಗಳೇ ಬೆರಗಾಗುತ್ತಾರೆ. ಈ ಕೆರೆಯ ಬಗ್ಗೆ ಜನ ಹೇಳುವ ಒಂದು ಕಥೆ ಇದೆ. ಶಾಂತವ್ವ ಎಂಬ ಅರಸನ ಮಗಳು ಕೆರೆ ಕಟ್ಟಿಸಲು ಹೊರಟಳಂತೆ. ಜಾಗ ಸೂಳೆಯರದು. ಜಾಗ ಕೊಡ್ತೀವಿ, ಆದರೆ ಕೆರೆಗೆ ನಮ್ಮ ಹೆಸರಿರಬೇಕು ಅಂದರಂತೆ. ಊರು ಹೊರಗಿಟ್ಟ ಹೆಂಗಸರು ಊರಿಗೆ ನೀರಿಗಾಗಿ ನೆಲ ಬಿಟ್ಟುಕೊಟ್ಟರು. ಕೇಳಿದ್ದು ಒಂದು ಹೆಸರು. ಆ ಹೆಸರನ್ನೂ ಮರ್ಯಾದಸ್ಥರು ಅಳಿಸಿ ಶಾಂತಿಸಾಗರ ಎಂದು ಬರೆದರು. ನಮ್ಮ ಜನ ಈಗಲೂ ಸೂಳೆಕೆರೆ ಎಂದೇ ಕರೆಯುತ್ತಾರೆ. ಕೊಟ್ಟವರ ಋಣ ಮರೆಯದ ಬಾಯಿ ಅದು. ಕಥೆ ನಿಜವೋ ಸುಳ್ಳೋ, ಅದರ ನೀತಿ ನಿಜ. ಹೊರಗಿಟ್ಟವರು ಎಲ್ಲರಿಗಾಗಿ ನೆಲ ಬಿಡುತ್ತಾರೆ. ಒಳಗಿದ್ದವರು ಎಲ್ಲರ ನೆಲಕ್ಕೆ ತಮಗಾಗಿ ಬೇಲಿ ಹಾಕುತ್ತಾರೆ.

ಈಗ ಆಟಕ್ಕೆ ಬರೋಣ. ಆಟದ ಮೇಲೆ ನಮಗೆ ಸಿಟ್ಟಿಲ್ಲ. ಕೋಲು, ಚೆಂಡು, ಕುಳಿ. ನಮ್ಮ ಹುಡುಗರು ಬೀದಿಯಲ್ಲಿ ಆಡುವ ಚಿಣ್ಣಿದಾಂಡಿಗೂ ಕೋಲು ಮತ್ತು ಕುಳಿ ಬೇಕು, ಗೋಲಿಗೂ ಕುಳಿ ಬೇಕು. ವ್ಯತ್ಯಾಸ ಎಂದರೆ ನಮ್ಮ ಆಟಕ್ಕೆ ಹತ್ತು ಮಾರು ಜಾಗ ಸಾಕು. ಅವರ ಆಟಕ್ಕೆ ನೂರಿಪ್ಪತ್ತು, ನೂರೈವತ್ತು ಎಕರೆ. ಕುಳಿಯ ಅಗಲ ನಾಲ್ಕೂಕಾಲು ಇಂಚು. ಮಿಕ್ಕ ಎಕರೆಗಳೆಲ್ಲ ಆ ನಾಲ್ಕೂಕಾಲು ಇಂಚಿನ ಕಡೆಗೆ ನಡೆದುಹೋಗಲಿಕ್ಕೆ. ನಾವು ಆಡುವಾಗ ನಮ್ಮ ಕೋಲು ನಮ್ಮ ಕೈಯಲ್ಲೇ ಇರುತ್ತದೆ. ಅವರ ಚೀಲದಲ್ಲಿ ನಿಯಮದ ಪ್ರಕಾರ ಹದಿನಾಲ್ಕು ಕೋಲು ಇರಬಹುದು. ಆ ಚೀಲವನ್ನು ಹೆಗಲಿಗೇರಿಸಿ ಏಳೆಂಟು ಕಿಲೋಮೀಟರ್ ನಡೆಯುವವನಿಗೆ ಕ್ಯಾಡಿ ಎನ್ನುತ್ತಾರೆ. ನೆಲದ ಏರಿಳಿತ, ಗಾಳಿಯ ದಿಕ್ಕು, ಚೆಂಡು ಎಲ್ಲಿ ಬಿತ್ತು ಎಲ್ಲ ಅವನಿಗೆ ಗೊತ್ತು. ಯಾವ ಕೋಲು ಎಂದು ಅವನೇ ಹೇಳಿಕೊಡುತ್ತಾನೆ. ಹೊಡೆತ ಸರಿಯಾದರೆ ಸಾಹೇಬರ ಪ್ರತಿಭೆ, ತಪ್ಪಿದರೆ ಕ್ಯಾಡಿಯ ಮುಖ ನೋಡುತ್ತಾರೆ. ಜೀತದ ಆಳಿಗೆ ಇದು ಹೊಸ ಅನುಭವವೇನಲ್ಲ.

ಬೆಂಗಳೂರಿನಲ್ಲಿ ಹಿಂದೆ ಕ್ಯಾಡಿಯಾಗಿದ್ದ ಚಿನ್ನಸ್ವಾಮಿ ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಚೀಲ ಹೊತ್ತ ಹೆಗಲಿಗೆ ಕಪ್ ಬಂತು. ನಮಗೆ ಸಂತೋಷವೇ. ಆದರೆ ತಕ್ಷಣ ಒಂದು ರಾಗ ಶುರುವಾಗುತ್ತದೆ: "ನೋಡಿ, ಪ್ರತಿಭೆ ಇದ್ದರೆ ಯಾರು ಬೇಕಾದರೂ ಬರಬಹುದು." ಅಯ್ಯಾ, ಚೀಲ ಹೊತ್ತವರಲ್ಲಿ ಒಬ್ಬ ಮುನಿಯಪ್ಪ ಬಂದ. ಅವನಷ್ಟೇ ಪ್ರತಿಭೆ ಇದ್ದು ಚೀಲದ ಜೊತೆಯೇ ಮುದುಕರಾದವರು ಎಷ್ಟು ಜನ? ಒಬ್ಬ ದಾಟಿಕೊಂಡರೆ ಅದನ್ನು ಸೇತುವೆ ಎನ್ನುವುದಿಲ್ಲ. ಅವನು ಈಜಿ ಬಂದ ಎನ್ನುತ್ತಾರೆ.

ಬಾಗಿಲಿನ ಮಾತು ಬಂದಾಗ ದಕ್ಷಿಣ ಆಫ್ರಿಕಾದ ಪಪ್ವಾ ಸೇವ್‌ಗೋಲಮ್ ನೆನಪಾಗಬೇಕು. ಕೂಲಿ ಕರಾರಿಗೆ ಕಬ್ಬಿನ ಗದ್ದೆಗೆಂದು ಭಾರತದಿಂದ ಹಡಗು ಹತ್ತಿದವರ ವಂಶದವನು. ಡರ್ಬನ್ನಿನಲ್ಲಿ ಕ್ಯಾಡಿಯಾಗಿದ್ದ. ಎಲ್ಲರೂ ಹಿಡಿಯುವುದಕ್ಕೆ ತಿರುವುಮುರುವಾಗಿ ಕೋಲು ಹಿಡಿದು ಕಲಿತ. ಯೂರೋಪಿಗೆ ಹೋಗಿ ಡಚ್ ಓಪನ್ನನ್ನು ಮೂರು ಸಲ ಗೆದ್ದ. 1963ರಲ್ಲಿ ತನ್ನ ಊರಲ್ಲೇ, ಬಿಳಿಯರ ಕ್ಲಬ್ಬಿನಲ್ಲಿ ನಡೆದ ನಟಾಲ್ ಓಪನ್ ಗೆದ್ದ. ಬಹುಮಾನ ಕೊಡುವ ಹೊತ್ತಿಗೆ ಮಳೆ. ಸೋತ ಬಿಳಿಯರು ಕ್ಲಬ್ಬಿನ ಒಳಗೆ. ಗೆದ್ದ ಪಪ್ವಾ ಹೊರಗೆ ಮಳೆಯಲ್ಲಿ. ವರ್ಣಭೇದದ ದೆಸೆಯಿಂದ ಅವನು ಒಳಗೆ ಕಾಲಿಡುವಂತಿರಲಿಲ್ಲ. ಕಪ್ಪನ್ನು ಹೊರಗೆ ತಂದು ಮಳೆಯಲ್ಲೇ ಕೊಟ್ಟರು. ಆ ಫೋಟೋ ಲೋಕವೆಲ್ಲ ಸುತ್ತಿತು. 1965ರಲ್ಲಿ ಅದೇ ಪಂದ್ಯದಲ್ಲಿ ಜಗತ್ತಿನ ದೊಡ್ಡ ಆಟಗಾರ ಗ್ಯಾರಿ ಪ್ಲೇಯರನನ್ನೂ ಹಿಂದಿಕ್ಕಿದ. ಅಷ್ಟಾದ ಮೇಲೆ ಬಿಳಿಯರ ಪಂದ್ಯಗಳ ಬಾಗಿಲೇ ಅವನಿಗೆ ಮುಚ್ಚಿತು.

ಗೆಳೆಯರೇ, ಆ ಮಳೆಯನ್ನು ನಾವು ಬಲ್ಲೆವು. ಹೋಟೆಲ್ಲಿನ ಹೊರಗೆ ಬೇರೆ ಲೋಟ ಹಿಡಿದು ನಿಂತಾಗ ನಮ್ಮ ಅಪ್ಪಂದಿರ ಮೇಲೆ ಬಿದ್ದದ್ದು ಅದೇ ಮಳೆ. ತಮಟೆ ಬಡಿದು ದೇವರನ್ನು ಎಬ್ಬಿಸಿ, ದೇವರು ಒಳಗೆ ಹೋದ ಮೇಲೆ ಹೊರಗೆ ನಿಂತಾಗ ಬಿದ್ದದ್ದೂ ಅದೇ. ಅಮೆರಿಕದ ಗ್ರೀನ್ಸ್‌ಬರೋ ಎಂಬ ಊರಿನಲ್ಲಿ 1955ರಲ್ಲಿ ಆರು ಮಂದಿ ಕಪ್ಪು ಜನ ಪುರಸಭೆಯ ಗಾಲ್ಫ್ ಮೈದಾನಕ್ಕೆ ಹೋಗಿ, ತಲಾ 75 ಸೆಂಟ್ ಶುಲ್ಕ ಮೇಜಿನ ಮೇಲಿಟ್ಟು ಆಡಿದರು. ಅವರನ್ನು ಬಂಧಿಸಿದರು. ಆಮೇಲೆ ಎಲ್ಲರಿಗೂ ತೆರೆಯುವ ಬದಲು ಮೈದಾನವನ್ನೇ ಮುಚ್ಚಿಬಿಟ್ಟರು. ಕೇರಿಯವರು ಬರುತ್ತಾರೆ ಎಂದರೆ ಗುಡಿಗೇ ಬೀಗ ಜಡಿಯುವ ನಮ್ಮ ಊರಗೌಡರಿಗೂ ಅವರಿಗೂ ಯಾವ ಶಾಲೆಯಲ್ಲಿ ಪಾಠವಾಗಿತ್ತೋ! ಅಮೆರಿಕದ ವೃತ್ತಿ ಆಟಗಾರರ ಸಂಘದಲ್ಲಿ ಬಿಳಿಯರಿಗೆ ಮಾತ್ರ ಎಂಬ ನಿಯಮ ಹೋದದ್ದು 1961ರಲ್ಲಿ. ಅಗಸ್ಟಾ ಎಂಬ ಹೆಸರಾಂತ ಕ್ಲಬ್ಬಿನಲ್ಲಿ ಚೀಲ ಹೊರಲು ಕಪ್ಪು ಜನ ಬೇಕಾಗಿತ್ತು. ಸದಸ್ಯನಾಗಿ ಒಬ್ಬ ಕಪ್ಪು ಮನುಷ್ಯ ಒಳಗೆ ಹೋದದ್ದು 1990ರಲ್ಲಿ.

ಇನ್ನು ಈ ಆಟದಲ್ಲಿ ನಮಗೆ ಬಹಳ ಹಿಡಿಸಿದ ಒಂದು ಸಂಗತಿ ಹೇಳುತ್ತೇವೆ. ಶಾಲಾ ಮೇಷ್ಟ್ರುಗಳೂ ಹಾಸ್ಟೆಲ್ ಹುಡುಗರೂ ಗಮನವಿಟ್ಟು ಓದಬೇಕು. ಗಾಲ್ಫಿನಲ್ಲಿ ಹ್ಯಾಂಡಿಕ್ಯಾಪ್ ಎಂಬ ಏರ್ಪಾಡಿದೆ. ಎಲ್ಲ ಆಟಗಾರರೂ ಒಂದೇ ಮಟ್ಟದವರಲ್ಲ, ಆದ್ದರಿಂದ ಹಿಂದೆ ಬಿದ್ದವನಿಗೆ ಕೆಲವು ಹೊಡೆತಗಳನ್ನು ಬಿಟ್ಟುಕೊಡಬೇಕು ಎಂಬುದು ಅದರ ತತ್ವ. ಒಬ್ಬನ ಹ್ಯಾಂಡಿಕ್ಯಾಪ್ 18 ಎನ್ನಿ. ಅವನು 90 ಹೊಡೆತಗಳಲ್ಲಿ ಆಟ ಮುಗಿಸಿದರೆ 18 ಕಳೆದು 72 ಎಂದು ಬರೆಯುತ್ತಾರೆ. ನಿಜಕ್ಕೂ 72ರಲ್ಲೇ ಮುಗಿಸಿದ ನಿಪುಣನೂ ಅವನೂ ಸಮ ಸಮ. 2020ರಿಂದ ಜಾರಿಗೆ ಬಂದ ಜಾಗತಿಕ ಪದ್ಧತಿಯಲ್ಲಿ ಈ ಬಿಟ್ಟುಕೊಡುವಿಕೆ 54ರವರೆಗೂ ಹೋಗಬಹುದು. ಯಾವ ಆಧಾರದ ಮೇಲೆ? ಹಿಂದಿನ ಆಟಗಳ ದಾಖಲೆ ನೋಡಿ. ಅಂದರೆ ಚರಿತ್ರೆ ನೋಡಿ.

ಕ್ಲಬ್ಬಿನ ಪಂದ್ಯದಲ್ಲಿ ಹೀಗೆ ಗೆದ್ದವನಿಗೆ ಬೆಳ್ಳಿ ಬಟ್ಟಲು ಕೊಡುತ್ತಾರೆ, ಚಪ್ಪಾಳೆ ತಟ್ಟುತ್ತಾರೆ. ಅಯ್ಯೋ ಪ್ರತಿಭೆ ಸತ್ತುಹೋಯಿತು ಎಂದು ಯಾರೂ ಎದೆ ಬಡಿದುಕೊಳ್ಳುವುದಿಲ್ಲ. ನ್ಯಾಯವಾದ ಪೈಪೋಟಿ ಆಗಬೇಕಾದರೆ ಹೀಗೇ ಇರಬೇಕಲ್ಲವೇ ಎನ್ನುತ್ತಾರೆ. ಅಲ್ಲಿಂದ ಕ್ಲಬ್ ಹೌಸಿಗೆ ಬಂದು ಕುರ್ಚಿಯಲ್ಲಿ ಕೂತು, ಗ್ಲಾಸು ಹಿಡಿದು ಏನು ಮಾತಾಡುತ್ತಾರೆ? "ಈ ಮೀಸಲಾತಿಯಿಂದ ದೇಶ ಹಾಳಾಯ್ತು ಕಣ್ರೀ!"

ಸ್ವಾಮಿ, ಭಾನುವಾರ ಬೆಳಗ್ಗೆ ಅಭ್ಯಾಸ ಸಾಲದ್ದಕ್ಕೆ ನಿಮಗೆ 18 ಹೊಡೆತ ಬಿಟ್ಟುಕೊಟ್ಟರೆ ಅದು ನ್ಯಾಯ. ನೂರಾರು ತಲೆಮಾರು ಅಕ್ಷರವಿಲ್ಲದೆ, ನೆಲವಿಲ್ಲದೆ, ಮೈದಾನದೊಳಗೇ ಬಿಡದೆ ಇಟ್ಟಿದ್ದಕ್ಕೆ ನಮಗೆ ಒಂದು ಸೀಟು ಕೊಟ್ಟರೆ ಅದು ಭಿಕ್ಷೆ, ಅದು ಅನ್ಯಾಯ! ನಿಮ್ಮ ಹ್ಯಾಂಡಿಕ್ಯಾಪ್ ಕ್ರೀಡಾ ಮನೋಭಾವ, ನಮ್ಮದು ಕಳಂಕ. ಮೀಸಲಾತಿ ಅಂದರೇನು ಸಾರ್ ಎಂದು ಮಕ್ಕಳು ಕೇಳಿದರೆ ಇನ್ನು ಮೇಲೆ ಗಾಲ್ಫಿನ ಲೆಕ್ಕ ಹೇಳಿಕೊಡಿ. ಬೋರ್ಡಿನ ಮೇಲೆ 90, 18, 72 ಬರೆಯಿರಿ. ಅರ್ಥವಾಗುತ್ತದೆ.

ಈಗ ನಮ್ಮ ಮೇಲೆ ಬರುವ ಆಕ್ಷೇಪಣೆಗಳು ನಮಗೆ ಗೊತ್ತು. ಒಂದು, ಮೈದಾನದಿಂದ ಹಸಿರು ಉಳಿಯಿತು, ಇಲ್ಲದಿದ್ದರೆ ಅಲ್ಲಿ ಕಾಂಕ್ರೀಟು ಬರುತ್ತಿತ್ತು. ಇರಬಹುದು. ಕಳ್ಳ ಮನೆ ಕಾದ, ಇಲ್ಲದಿದ್ದರೆ ಡಕಾಯಿತ ಬರುತ್ತಿದ್ದ ಎನ್ನುವ ವಾದ ಇದು. ಕೆರೆ ಕೆರೆಯಾಗಿಯೇ ಉಳಿಯಬಹುದಿತ್ತು ಎಂಬ ಮೂರನೆಯ ದಾರಿ ಇವರ ತಲೆಗೇ ಬರುವುದಿಲ್ಲ. ಎರಡು, ಬಡವರಿಗೆ ಕೆಲಸ ಸಿಕ್ಕಿತು. ಸಿಕ್ಕಿತು, ನಿಜ. ಜಗಳೂರಿನ ಹುಡುಗನಿಗೂ ಸಿಕ್ಕಿದೆ. ಗೌಡನ ಹೊಲದಲ್ಲಿ ನಮ್ಮ ತಾತನಿಗೂ ಕೆಲಸ ಸಿಕ್ಕಿತ್ತು. ಮೂರು, ನೀವು ಅಭಿವೃದ್ಧಿಯ ವಿರೋಧಿಗಳು, ಆಟದ ವಿರೋಧಿಗಳು. ಇದಕ್ಕೆ ಆಟ ಹುಟ್ಟಿದ ನೆಲವೇ ಉತ್ತರ ಕೊಡಲಿ.

ಗಾಲ್ಫಿನ ತವರು ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್. ಅಲ್ಲಿ ಸಮುದ್ರದಂಡೆಯ ಹುಲ್ಲುಗಾವಲು ಊರವರೆಲ್ಲರ ಜಾಗವಾಗಿತ್ತು. ಅಲ್ಲಿ ಆಡುವ ಹಕ್ಕು ಊರವರದು ಎಂದು 1552ರಲ್ಲೇ ಬರಹದಲ್ಲಿ ದಾಖಲಾಗಿದೆ. ಆ ಮೈದಾನ ಇವತ್ತಿಗೂ ಖಾಸಗಿ ಕ್ಲಬ್ಬಿನ ಸ್ವತ್ತಲ್ಲ, ಸಾರ್ವಜನಿಕ. ಅದರ ಹಳೆಯ ಅಂಗಳದಲ್ಲಿ ಭಾನುವಾರ ಸಾಮಾನ್ಯವಾಗಿ ಆಟಕ್ಕೆ ರಜ. ಆ ದಿನ ಊರ ಜನ ಮಕ್ಕಳನ್ನು ಕರೆದುಕೊಂಡು, ನಾಯಿ ಹಿಡಿದುಕೊಂಡು ಅಲ್ಲಿ ಅಡ್ಡಾಡುತ್ತಾರೆ. ಆಟ ತಂದವರು ಅದರ ಕೋಲು ತಂದರು, ಚೆಂಡು ತಂದರು. ಎಲ್ಲರ ನೆಲ ಎಂಬ ಆ ಕಟ್ಟಳೆಯನ್ನು ಮಾತ್ರ ಹಡಗಿನಲ್ಲೇ ಬಿಟ್ಟು ಬಂದರು.

ಇನ್ನು ನಮ್ಮ ಮಂಡಕ್ಕಿ ಕಾಗದದ ದ್ವೀಪ. ಅಂಥದೊಂದು ನಿಜವಾದ ದ್ವೀಪದ ಕಥೆ ಹೇಳುತ್ತೇವೆ. ಸ್ಕಾಟ್ಲೆಂಡಿನ ಪಶ್ಚಿಮಕ್ಕೆ ಸೌತ್ ಯೂಯಿಸ್ಟ್ ಎಂಬ ದ್ವೀಪ ಇದೆ. ಹತ್ತೊಂಬತ್ತನೆಯ ಶತಮಾನದ ನಡುವೆ ಆಲೂಗಡ್ಡೆ ಬೆಳೆ ಹೋಗಿ ಜನ ಹಸಿದಾಗ, ದ್ವೀಪದ ಒಡೆಯ ಗಾರ್ಡನ್ ಆಫ್ ಕ್ಲೂನಿ ಎಂಬವನು ಸಾವಿರಕ್ಕೂ ಹೆಚ್ಚು ಬಡ ರೈತರನ್ನು ಒಕ್ಕಲೆಬ್ಬಿಸಿ ಕೆನಡಾಕ್ಕೆ ಹಡಗು ಹತ್ತಿಸಿದ. ಅವನ ಮನೆತನದ ಸೊಸೆಯ ಕಾಲದಲ್ಲಿ, 1891ರಲ್ಲಿ, ಟಾಮ್ ಮಾರಿಸ್ ಎಂಬ ಹೆಸರಾಂತ ಆಟಗಾರ ಬಂದು ಆಸ್ಕರ್ನಿಶ್ ಎಂಬಲ್ಲಿ ಗಾಲ್ಫ್ ಮೈದಾನ ಗುರುತು ಮಾಡಿಕೊಟ್ಟ. ಜನರಿಲ್ಲದ ನೆಲ ಎಷ್ಟು ಸುಂದರ! ಬಣ್ಣದ ಹಾಳೆಗೆ ಹೇಳಿ ಮಾಡಿಸಿದಂತೆ. ಆ ಮೈದಾನ ಮರಳಿನಲ್ಲಿ ಮರೆತುಹೋಗಿತ್ತು. ಈಚೆಗೆ ಹುಡುಕಿ ತೆಗೆದು 2008ರಲ್ಲಿ ಮತ್ತೆ ಆಟ ಶುರುಮಾಡಿದರು. ಆಗ ದ್ವೀಪದ ಸಣ್ಣ ರೈತರಲ್ಲಿ ಕೆಲವರು ಎದ್ದು ನಿಂತರು. ಇದು ನಮ್ಮ ದನಕರು ಮೇಯುವ ನೆಲ, ಇಲ್ಲಿ ನಮ್ಮ ಹಕ್ಕಿದೆ ಎಂದರು. ಗೋಮಾಳದ ಮಾತು! ಭಾಷೆ ಬೇರೆ, ಮಾತು ನಮ್ಮದೇ.

ಅದಕ್ಕೂ ಮುಂಚೆ ಅಲ್ಲಿ ಇನ್ನೊಂದು ಕೆಲಸ ಆಗಿತ್ತು. 2006ರಲ್ಲಿ ದ್ವೀಪದ ಜನ ಒಟ್ಟಾಗಿ ಒಡೆಯರಿಂದ ಆ ನೆಲವನ್ನೇ ಕೊಂಡುಕೊಂಡರು. ಈಗ ಅಲ್ಲಿ ಗಾಲ್ಫೂ ಇದೆ, ದನವೂ ಇದೆ, ಜಗಳವೂ ಇದೆ. ಆದರೆ ಜಗಳ ನೆಲದ ಒಡೆಯರಾದ ಜನರ ನಡುವೆ. ಗೇಟಿನ ಒಳಗಿನವನಿಗೂ ಹೊರಗಿನವನಿಗೂ ನಡುವೆ ಅಲ್ಲ. ನಾವು ಕೇಳುವುದು ಇಷ್ಟನ್ನೇ. ನಮಗೂ ಒಂದು ಸದಸ್ಯತ್ವ ಕೊಡಿ, ನಾವೂ ಟೋಪಿ ಹಾಕಿಕೊಂಡು ಆಡುತ್ತೇವೆ ಎಂದು ಕೇಳುತ್ತಿಲ್ಲ. ನೆಲ ಯಾರದು ಎಂದು ಕೇಳುತ್ತಿದ್ದೇವೆ.

ಒಂದು ಸಣ್ಣ ಲೆಕ್ಕ ಹಾಕಿ. ಒಂದು ಮೈದಾನ 120 ಎಕರೆ ಎಂದು ಹಿಡಿಯಿರಿ. ಎರಡೆರಡು ಎಕರೆ ಹಂಚಿದರೆ 60 ಮನೆಗಳು ಒಲೆ ಹಚ್ಚುತ್ತವೆ. ಬಗರ್ ಹುಕುಂ ಜಮೀನಿಗೆಂದು ಫಾರಂ 50 ಹಾಕಿ, ಫಾರಂ 53 ಹಾಕಿ, ಫಾರಂ 57 ಹಾಕಿ, ಸ್ವೀಕೃತಿ ಚೀಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಗಳುವಿಗೆ ಸಿಕ್ಕಿಸಿಟ್ಟ ಮುದುಕರು ನಮ್ಮ ನಾಲ್ಕೂ ತಾಲ್ಲೂಕುಗಳಲ್ಲಿದ್ದಾರೆ. ಆಡಲು ಒಂದೇ ಗಂಟಿನಲ್ಲಿ ನೂರಿಪ್ಪತ್ತು ಎಕರೆ ಸಿಗುತ್ತದೆ, ಉಳಲು ಎರಡು ಎಕರೆ ಸಿಗುವುದಿಲ್ಲ. 1974ರ ಭೂಸುಧಾರಣೆ ಗೇಣಿದಾರನನ್ನು ಒಡೆಯನನ್ನಾಗಿ ಮಾಡಿತು, ಒಳ್ಳೆಯದಾಯಿತು. ಆದರೆ ನಮ್ಮವರಲ್ಲಿ ಬಹುಪಾಲು ಗೇಣಿದಾರರೂ ಅಲ್ಲ, ಬರೀ ಕೂಲಿಯವರು. ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಪಕ್ಕದ ಹರಿಹರದಲ್ಲಿ ಹುಟ್ಟಿದ ಬಿ. ಕೃಷ್ಣಪ್ಪನವರು ಭೂಮಿಯ ಪ್ರಶ್ನೆಯನ್ನು ದಲಿತ ಚಳವಳಿಯ ನಡುಮನೆಗೆ ತಂದದ್ದು ಇದಕ್ಕೇ. 2020ರಲ್ಲಿ ಅದೇ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ಕಿತ್ತುಹಾಕಿದರು. ಉಳುಮೆ ಗೊತ್ತಿಲ್ಲದವನೂ, ಎಷ್ಟೇ ಆದಾಯದವನೂ ಈಗ ಕೃಷಿಭೂಮಿ ಕೊಳ್ಳಬಹುದು. ಇವತ್ತು ತೋಟದ ಮನೆ, ನಾಳೆ ರೆಸಾರ್ಟು, ನಾಡಿದ್ದು ಹದಿನೆಂಟು ಕುಳಿ.

ಸೂಳೆಕೆರೆ ದಂಡೆಗೆ ಅಂಥ ಯೋಜನೆ ಬಂದಿದೆ ಎಂದು ನಾವು ಹೇಳುತ್ತಿಲ್ಲ. ಬಂದ ಮೇಲೆ ಬೊಬ್ಬೆ ಹೊಡೆಯುವುದು ನಮ್ಮ ಹಳೆಯ ರೋಗ. ಚಲ್ಲಘಟ್ಟ ಕೆರೆಯ ಸರ್ವೆ ನಂಬರ್ ಆ ಊರವರಿಗೆ ಬಾಯಿಪಾಠವಿದ್ದಿದ್ದರೆ? ಆದ್ದರಿಂದ ವಿದ್ಯಾರ್ಥಿ ಗೆಳೆಯರು ರಜೆಗೆ ಊರಿಗೆ ಬಂದಾಗ ಒಂದು ಕೆಲಸ ಮಾಡಿ. ನಿಮ್ಮೂರಿನ ಕೆರೆ, ಗೋಮಾಳ, ಸ್ಮಶಾನ ಇವುಗಳ ಪಹಣಿ ತೆಗೆಸಿ. ಎಷ್ಟು ಎಕರೆ ಇತ್ತು, ಈಗ ಎಷ್ಟಿದೆ, ಯಾರ ಹೆಸರಿಗೆ ಹೋಯಿತು ಎಂದು ಬರೆದುಕೊಳ್ಳಿ. ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 1978ರ ಪಿಟಿಸಿಎಲ್ ಕಾಯ್ದೆಯಲ್ಲಿ ನಮ್ಮವರ ಮಂಜೂರಾತಿ ಜಮೀನು ಯಾರ ಕೈಗೆ ಹೋಗಿದೆ ಎಂಬುದನ್ನೂ ಕೇಳಿ. ಇಂಥ ಅರ್ಜಿಗೆ ಕಾಲಮಿತಿ ಇಲ್ಲ ಎಂದು 2023ರ ತಿದ್ದುಪಡಿ ಹೇಳುತ್ತದೆ. ಮೇಷ್ಟ್ರುಗಳು ಆ ಲೆಕ್ಕವನ್ನು ಶಾಲೆಯ ಗೋಡೆಯ ಮೇಲೆ ಬರೆಸಿ. ಅಕ್ಷರ ಕಲಿತದ್ದು ಇದಕ್ಕೆ ಉಪಯೋಗವಾಗದಿದ್ದರೆ ಇನ್ನು ಯಾವುದಕ್ಕೆ?

ಮೇಷ್ಟ್ರೇ, ನೀವು ಕೇಳಿದ ಪ್ರಶ್ನೆಗೆ ಉತ್ತರ ಇಷ್ಟು. ಒಂದು ಸುತ್ತು ಆಡಲು ಅವರಿಗೆ ಹದಿನೆಂಟು ಕುಳಿ ಬೇಕು. ಕೇರಿಯವನಿಗೆ ಕೊನೆಗೆ ಬೇಕಾಗುವುದು ಒಂದೇ ಕುಳಿ, ಆರಡಿ ಮೂರಡಿ. ಅದನ್ನು ತೋಡಲು ಜಾಗವಿಲ್ಲದೆ ಹಳ್ಳದ ದಂಡೆಯಲ್ಲಿ, ರಸ್ತೆಯ ಬದಿಯಲ್ಲಿ ಹೆಣ ಇಳಿಸಿ ನಿಂತವರು ನಾವು. ಗಾಲ್ಫಿಗೂ ನಮಗೂ ಇರುವ ಸಂಬಂಧ ಇದೇ.

ಮಂಡಕ್ಕಿಯ ಕಾಗದವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡಿದ್ದೇವೆ. ಮುಂದಿನ ಸಲ ಸ್ಮಶಾನದ ಅರ್ಜಿ ಕೊಡುವಾಗ ಅದನ್ನೂ ಲಗತ್ತಿಸುತ್ತೇವೆ.